ಕಾರ್ಕಳದ ಬಾಹುಬಲಿ ಸರಿದ ಇಪ್ಪತ್ತು ಮೀಟರ್

ನಮ್ಮ ಕರಾವಳಿಯವರ ಹತ್ತಿರ ಭೂಕಂಪದ ಮಾತು ತೆಗೆದು ನೋಡಿ. ಉಡುಪಿಯ ರಥಬೀದಿಯಲ್ಲಿ ಕೇಳಿ, ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ಕೇಳಿ, ಕಾಪುವಿನ ಪೇಟೆಯಲ್ಲಿ ಕೇಳಿ. ಉತ್ತರ ಹೆಚ್ಚುಕಡಿಮೆ ಒಂದೇ. ಅದೆಲ್ಲ ಗುಜರಾತ್, ನೇಪಾಳ, ಜಪಾನ್ ಕಡೆ ಮಾರಾಯ್ರೇ. ನಮ್ಮಲ್ಲಿ ಮಳೆ ಉಂಟು, ಕಡಲ್ಕೊರೆತ ಉಂಟು, ಭೂಕಂಪ ಇಲ್ಲ.

ಈ ಮಾತನ್ನು ನಗೆಯಾಡಿ ತಳ್ಳಿಹಾಕೋದಕ್ಕೆ ಆಗೋದಿಲ್ಲ. ಯಾಕೆಂದರೆ ಇದಕ್ಕೆ ಸಾಕ್ಷಿಗಳಿವೆ, ಅವೂ ಕಲ್ಲಿನಂಥ ಸಾಕ್ಷಿಗಳು. ಕಾರ್ಕಳದ ಬೆಟ್ಟದ ಮೇಲೆ 42 ಅಡಿ ಎತ್ತರದ ಗೊಮ್ಮಟ ನಿಂತಿದ್ದಾನೆ. ವೀರಪಾಂಡ್ಯ ಭೈರರಸ ಅವನನ್ನು ಪ್ರತಿಷ್ಠಾಪಿಸಿದ್ದು 1432ರ ಫೆಬ್ರವರಿಯಲ್ಲಿ. ಏಕಶಿಲೆ. ಬಿಸಿಲು, ಮಳೆ, ಸಿಡಿಲು ಎಲ್ಲವನ್ನೂ ಕಂಡು ಸುಮಾರು 600 ವರ್ಷ ಆಗ್ತಾ ಬಂತು. ಅದೇ ಊರಿನ ಚತುರ್ಮುಖ ಬಸದಿ 1586ರದ್ದು. ಕಾಪುವಿನ ಕಡಲ ಬಂಡೆಯ ಮೇಲಿನ ದೀಪಸ್ತಂಭ 1901ರದ್ದು. ಇವುಗಳಲ್ಲಿ ಒಂದೂ ನೆಲ ನಡುಗಿ ಬಿದ್ದಿಲ್ಲ. ಹಾಗಾದರೆ ಕರಾವಳಿಯವರು ಹೇಳೋದು ಸರಿ ಅಲ್ವಾ?

ಅರ್ಧ ಸರಿ. ಉಳಿದರ್ಧ ಏನು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಲ್ಪ ಅಂದರೆ ಒಂದು ಎಂಟೂವರೆ, ಒಂಬತ್ತು ಕೋಟಿ ವರ್ಷ!

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಎಲ್ಲರೂ ಹೋಗಿರುತ್ತೀರಿ. ಹಳಬರು ತೋನ್ಸೆಪಾರ್ ಅನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮಾ ಅಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟ ಅನ್ನೋದು ನಂಬಿಕೆ. ಅಲ್ಲಿ ಐದು, ಆರು, ಏಳು ಮೂಲೆಯ ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆಯಲ್ಲ, ನಾವು ಸೆಲ್ಫಿ ತೆಗೆದುಕೊಂಡು ಬರುತ್ತೇವಲ್ಲ, ಅವನ್ನು ಯಾವ ಶಿಲ್ಪಿಯೂ ಕಡೆದಿಲ್ಲ. ಲಾವಾ ಹರಿದು ತಣ್ಣಗಾಗುವಾಗ, ಕೆರೆಯ ಕೆಸರು ಬಿಸಿಲಿಗೆ ಒಣಗಿ ಬಿರುಕು ಬಿಡುವ ಹಾಗೆ, ಬಿರುಕು ಬಿಟ್ಟು ಆದ ಕಂಬಗಳವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ.

ಆ ಲಾವಾ ಅಲ್ಲಿಗೆ ಯಾಕೆ ಬಂತು? ಆ ಕಾಲಕ್ಕೆ ನಮ್ಮ ಪಶ್ಚಿಮ ಕರಾವಳಿಯ ಮುಂದೆ ಅರಬ್ಬಿ ಸಮುದ್ರವೇ ಇರಲಿಲ್ಲ. ಅಲ್ಲಿ ಮಡಗಾಸ್ಕರ್ ಇತ್ತು. ಮಲ್ಪೆಗೂ ಮಡಗಾಸ್ಕರ್‌ಗೂ ನೆಲ ಕೂಡಿತ್ತು. ಆ ನೆಲ ಸೀಳಿತು. ಸೀಳಿದ ಜಾಗದಿಂದ ಕರಗಿದ ಕಲ್ಲು ಮೇಲೆ ಬಂತು. ಮಡಗಾಸ್ಕರ್‌ನ ಪೂರ್ವ ಕರಾವಳಿಯಲ್ಲೂ ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಸಿಗುತ್ತವೆ. ಇವತ್ತು ಅವೆರಡರ ನಡುವೆ ಸುಮಾರು 4000 ಕಿ.ಮೀ. ನೀರು. ಒಂದೇ ಮನೆಯ ಗೋಡೆ ಎರಡಾಗಿ, ಒಂದೊಂದು ತುಂಡು ಒಂದೊಂದು ದೇಶದಲ್ಲಿ ಉಳಿದ ಹಾಗೆ. ನಮ್ಮ ಘಟ್ಟ ಕಡಲಿನ ಕಡೆ ಮಾತ್ರ ಗೋಡೆಯ ಹಾಗೆ ಕಡಿದಾಗಿ ಇಳಿಯುವುದಕ್ಕೂ, ಆಗುಂಬೆಯಲ್ಲಿ ಹದಿನಾಲ್ಕು ತಿರುವು ಬೇಕಾಗುವುದಕ್ಕೂ ಈ ಒಡೆಯುವಿಕೆಯ ಸಂಬಂಧ ಇದೆ.

ಪರಶುರಾಮ ಕೊಡಲಿ ಎಸೆದ, ಕಡಲು ಹಿಂದೆ ಸರಿಯಿತು, ತುಳುನಾಡು ಹುಟ್ಟಿತು ಅಂತ ನಮ್ಮ ಹಿರಿಯರು ಕಥೆ ಹೇಳಿದರು. ಈಗ ಕೆಲವರು ಆ ಕಥೆಯನ್ನೇ ಹಿಡಿದು, ಭೂವಿಜ್ಞಾನ ನಮಗೆ ಮೊದಲೇ ಗೊತ್ತಿತ್ತು ಅಂತ ವಾಟ್ಸ್ಆ್ಯಪ್ ಕಳಿಸುತ್ತಾರೆ. ಬೇಡ. ಕಥೆಗೆ ಕಥೆಯ ಗೌರವ ಇದೆ. ಕಲ್ಲು ಹೇಳುವ ಚರಿತ್ರೆ ಬೇರೆ, ಅದನ್ನು ಓದುವ ವಿಧಾನವೂ ಬೇರೆ.

ಸರಿ, ಮಡಗಾಸ್ಕರ್ ಬಿಟ್ಟು ಹೊರಟೆವು. ನಮ್ಮನ್ನು ಎಳೆದುಕೊಂಡು ಹೋದದ್ದು ಯಾವುದು? ಇಡೀ ಕಥೆಯ ಕೀಲಿ ಇಲ್ಲಿದೆ.

ಭೂಮಿಯ ಹೊರಚಿಪ್ಪು ಒಂದೇ ತುಂಡಲ್ಲ, ಹಲವು ಫಲಕಗಳು. ಕಡಲ ತಳದ ಫಲಕ ಹಳೆಯದಾದಷ್ಟೂ ತಣ್ಣಗಾಗುತ್ತದೆ, ಭಾರವಾಗುತ್ತದೆ. ಇನ್ನೊಂದು ಫಲಕಕ್ಕೆ ಎದುರಾದಾಗ ಈ ಭಾರದ ಫಲಕ ಅದರ ಅಡಿಗೆ ನುಗ್ಗಿ ಭೂಮಿಯ ಒಳಕ್ಕೆ ಮುಳುಗುತ್ತದೆ. ವಿಜ್ಞಾನಿಗಳು ಇದಕ್ಕೆ ಸಬ್‌ಡಕ್ಷನ್ ಅನ್ನುತ್ತಾರೆ. ಮಲ್ಪೆಯ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲು ಕಟ್ಟಿದ ಬಲೆಯ ಒಂದು ತುದಿಯನ್ನು ದೋಣಿಯಿಂದ ನೀರಿಗೆ ಬಿಟ್ಟರೆ ಏನಾಗುತ್ತದೆ? ಮುಳುಗಿದ ಭಾಗ ದೋಣಿಯಲ್ಲಿ ಉಳಿದ ಬಲೆಯನ್ನು ತಾನೇ ಎಳೆದುಕೊಳ್ಳುತ್ತದೆ. ಭೂಮಿಯಲ್ಲೂ ಹೀಗೆಯೇ. ನಮಗೂ ಏಷ್ಯಾಕ್ಕೂ ನಡುವೆ ಟೆಥಿಸ್ ಅಂತ ಒಂದು ಸಾಗರ ಇತ್ತು. ಅದರ ತಳ ಏಷ್ಯಾದ ಅಡಿಗೆ ಮುಳುಗುತ್ತಾ ಮುಳುಗುತ್ತಾ ಬೆನ್ನಿಗೆ ಅಂಟಿದ್ದ ಭಾರತವನ್ನೂ ಎಳೆದುಕೊಂಡು ಹೋಯಿತು. ಒಂದು ಕಾಲದಲ್ಲಿ ವರ್ಷಕ್ಕೆ 15 ಸೆಂಟಿಮೀಟರ್‌ವರೆಗೂ ವೇಗ ಇತ್ತು. ಸುಮಾರು 5 ಕೋಟಿ ವರ್ಷದ ಹಿಂದೆ ಡಿಕ್ಕಿಯಾಯಿತು. ಹಿಮಾಲಯ ಎದ್ದಿತು.

ಡಿಕ್ಕಿಯಾದ ಮೇಲೂ ಪ್ರಯಾಣ ನಿಂತಿಲ್ಲ. ಈಗಲೂ ನಮ್ಮ ಫಲಕ ವರ್ಷಕ್ಕೆ 4ರಿಂದ 5 ಸೆಂಟಿಮೀಟರ್ ಸರಿಯುತ್ತಿದೆ, ಹೆಚ್ಚುಕಡಿಮೆ ನಮ್ಮ ಉಗುರು ಬೆಳೆಯುವ ವೇಗ. ಲೆಕ್ಕ ಹಾಕಿ. 1432ರಿಂದ ಇವತ್ತಿನವರೆಗೆ ಕಾರ್ಕಳದ ಬಾಹುಬಲಿ ಒಂದು ಹೆಜ್ಜೆಯೂ ಇಡದೆ, ನಿಂತ ನಿಲುವಿನಲ್ಲೇ, ಈಶಾನ್ಯಕ್ಕೆ 20 ಮೀಟರ್‌ಗಿಂತ ಹೆಚ್ಚು ಸರಿದಿದ್ದಾನೆ. ಕಾಪುವಿನ ದೀಪಸ್ತಂಭ 1901ರಿಂದ ಐದಾರು ಮೀಟರ್ ಸರಿದಿದೆ. ಬಸ್ಸಿನಲ್ಲಿ ಮಧ್ಯದ ಸೀಟಿನಲ್ಲಿ ಕೂತವನಿಗೆ ಬಸ್ಸು ಓಡುವುದು ತಿಳಿಯುವುದಿಲ್ಲ. ಮುಂದಿನ ಬಂಪರ್‌ಗೆ ಪೆಟ್ಟು ಬಿದ್ದಾಗ ಮುಂದೆ ಕೂತವರಿಗೆ ಮೊದಲು ಗೊತ್ತಾಗುತ್ತದೆ. ಬಿಹಾರ, ನೇಪಾಳ, ಅಸ್ಸಾಂ ನಮ್ಮ ಬಸ್ಸಿನ ಮುಂಭಾಗ. ನಾವು ನಡುವಿನವರು. ಕರಾವಳಿಯವರ ನಿರಾಳತೆಯ ಹಿಂದಿನ ವಿಜ್ಞಾನ ಇಷ್ಟೇ. ಇನ್ನೊಂದು ಮಾತು. ಕಾಪು ಹತ್ತಿರದ ಪಾದೂರಿನಲ್ಲಿ ನೆಲದಡಿಯ ಬಂಡೆ ಕೊರೆದು ದೇಶದ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಗುಹೆಗಳನ್ನು ಮಾಡಿದ್ದಾರೆ. ಅಷ್ಟು ದೊಡ್ಡ ಸಂಗ್ರಹಕ್ಕೆ ಗಟ್ಟಿ ಬಂಡೆ ಬೇಕು. ಅದು ಇಲ್ಲಿದೆ.

ಇಷ್ಟೆಲ್ಲ ಮನುಷ್ಯನಿಗೆ ತಿಳಿದು ಬಹಳ ಕಾಲವೇನೂ ಆಗಿಲ್ಲ. ಖಂಡಗಳು ಚಲಿಸುತ್ತವೆ ಅಂತ ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಹೇಳಿದಾಗ ಭೂವಿಜ್ಞಾನಿಗಳಲ್ಲಿ ಬಹಳಷ್ಟು ಜನ ಒಪ್ಪಲಿಲ್ಲ. ಯಾವ ಬಲ ಖಂಡವನ್ನು ತಳ್ಳುತ್ತದೆ ಅನ್ನೋ ಪ್ರಶ್ನೆಗೆ ಅವರ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡ್‌ನ ಹಿಮದಲ್ಲಿ ತೀರಿಕೊಂಡರು. ಜಪಾನ್‌ನ ಕಿಯೂ ವಾದಾತಿ, ತಮ್ಮ ದೇಶದ ಅಡಿಯಲ್ಲಿ ಭೂಕಂಪಗಳು ಇಳಿಜಾರಾದ ಒಂದು ಹಲಗೆಯ ಉದ್ದಕ್ಕೂ ಆಳಕ್ಕೆ ಇಳಿಯುತ್ತಾ ಹೋಗುವುದನ್ನು ಗುರುತಿಸಿದರು. ಆ ಹಲಗೆಯೇ ಮುಳುಗುತ್ತಿರುವ ಫಲಕ ಅಂತ ಸ್ಪಷ್ಟವಾದದ್ದು 1960ರ ದಶಕದಲ್ಲಿ. ಅದಕ್ಕೆ ನೆರವಾದ ಭೂಕಂಪಮಾಪಕಗಳ ಜಾಗತಿಕ ಜಾಲ ಹುಟ್ಟಿದ್ದು ಬೇರೆ ಉದ್ದೇಶಕ್ಕೆ. ಎದುರಾಳಿ ದೇಶ ನೆಲದಡಿ ಅಣುಬಾಂಬ್ ಪರೀಕ್ಷೆ ಮಾಡುತ್ತಿದೆಯೋ ಅಂತ ಕದ್ದು ಕೇಳೋದಕ್ಕೆ ಇಟ್ಟ ಕಿವಿಗಳು ಭೂಮಿಯ ಗುಟ್ಟನ್ನೂ ಕೇಳಿಸಿಕೊಂಡವು.

ಈಗ ಉಳಿದರ್ಧಕ್ಕೆ ಬರೋಣ.

ಮುಳುಗುವ ಫಲಕ ಸಲೀಸಾಗಿ ಜಾರುವುದಿಲ್ಲ. ಮೇಲಿನ ಫಲಕಕ್ಕೆ ಕಚ್ಚಿಕೊಳ್ಳುತ್ತದೆ. ನೂರಾರು ವರ್ಷ ಮೇಲಿನ ಫಲಕದ ಅಂಚು ಬಾಗುತ್ತಾ ಹೋಗುತ್ತದೆ, ಬಗ್ಗಿಸಿ ಹಿಡಿದ ಅಡಿಕೆ ಮರದ ಹಾಗೆ. ಒಂದು ದಿನ ಹಿಡಿತ ತಪ್ಪುತ್ತದೆ. ಮರ ಚಟ್ಟನೆ ಎದ್ದು ನಿಲ್ಲುತ್ತದೆ. ಇಲ್ಲಿ ಎದ್ದೇಳುವುದು ಕಡಲ ತಳ, ಅದರ ಮೇಲಿನ ಇಡೀ ನೀರನ್ನು ಹೊತ್ತುಕೊಂಡು. ಜಗತ್ತಿನ ಅತಿ ದೊಡ್ಡ ಭೂಕಂಪಗಳೆಲ್ಲ ಹೀಗೆ ಆದವು: 1960ರ ಚಿಲಿ, 1964ರ ಅಲಾಸ್ಕಾ, 2011ರ ಜಪಾನ್.

ನಮ್ಮ ಕಡಲಿಗೆ ಇಂಥ ಎರಡು ಬಾಗಿಲುಗಳಿವೆ. ಒಂದು ಪೂರ್ವಕ್ಕೆ, ಅಂಡಮಾನ್‌ನಿಂದ ಸುಮಾತ್ರಾದವರೆಗೆ. ಇನ್ನೊಂದು ವಾಯವ್ಯಕ್ಕೆ, ಪಾಕಿಸ್ತಾನ ಮತ್ತು ಇರಾನ್‌ನ ಮಕ್ರಾನ್ ಕರಾವಳಿ. ಅಲ್ಲಿ ಅರೇಬಿಯಾದ ಫಲಕ ಉತ್ತರಕ್ಕೆ ಮುಳುಗುತ್ತಿದೆ.

ಮೊದಲನೆಯದು ಎಲ್ಲರಿಗೂ ನೆನಪಿದೆ. 2004ರ ಡಿಸೆಂಬರ್ 26, ಭಾನುವಾರ, ಬೆಳಿಗ್ಗೆ 6.29. ತೀವ್ರತೆ 9.1. ಸುಮಾರು 1300 ಕಿ.ಮೀ. ಉದ್ದಕ್ಕೆ ಕಡಲ ತಳ ಸೀಳಿತು. ತಮಿಳುನಾಡಿನ ತೀರಕ್ಕೆ ಅಲೆ ಬರಲು ಎರಡು ಗಂಟೆಗೂ ಹೆಚ್ಚು ಸಮಯ ಇತ್ತು. ಭೂಕಂಪದ ಸುದ್ದಿ ಹರಡಿತ್ತು, ಆದರೆ ಅಲೆ ಬರುತ್ತಿದೆ ಅಂತ ಹೇಳುವ ವ್ಯವಸ್ಥೆ ಹಿಂದೂ ಮಹಾಸಾಗರದಲ್ಲೇ ಇರಲಿಲ್ಲ. ಎಲ್ಲ ದೇಶಗಳಲ್ಲಿ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ ಹೋದರು. ನಮ್ಮ ದೇಶದಲ್ಲೇ 10 ಸಾವಿರಕ್ಕೂ ಹೆಚ್ಚು. ಶ್ರೀಲಂಕಾ ಅಡ್ಡ ಇದ್ದರೂ ಅಲೆ ಸುತ್ತಿ ಬಂದು ಕೇರಳದ ಕೊಲ್ಲಂ ಜಿಲ್ಲೆಯ ಆಲಪ್ಪಾಡ್‌ನಲ್ಲಿ ಜನರನ್ನು ಬಲಿ ತೆಗೆದುಕೊಂಡಿತು. ಗೋವಾದ ಮರ್ಮಗೋವಾ ಬಂದರಿನ ಮಾಪಕದಲ್ಲೂ ಅದರ ಏರಿಳಿತ ದಾಖಲಾಗಿದೆ. ಕೇರಳದಿಂದ ಗೋವಾಕ್ಕೆ ಹೋದ ಅಲೆ ಮಲ್ಪೆಯನ್ನು ದಾಟದೆ ಹೋಗಲು ಸಾಧ್ಯವೇ? ಅಲೆ ನಮ್ಮ ಮುಂದಿನಿಂದಲೇ ಹೋಗಿದೆ. ಅಷ್ಟರಲ್ಲಿ ಅದರ ಬಲ ಕುಗ್ಗಿತ್ತು, ಅಷ್ಟೇ.

ಎರಡನೆಯದನ್ನು ಯಾರಾದರೂ ಹೇಳಿದ್ದು ಕೇಳಿದ್ದೀರಾ? 1945ರ ನವೆಂಬರ್ 28, ನಮ್ಮ ಗಡಿಯಾರದಲ್ಲಿ ನಸುಕಿನ ಮೂರೂವರೆ ಆಸುಪಾಸು. ಮಕ್ರಾನ್‌ನಲ್ಲಿ 8.1 ತೀವ್ರತೆಯ ಭೂಕಂಪ. ಪಸ್ನಿ, ಒರ್ಮಾರಾ ಎಂಬ ಕಡಲ ಊರುಗಳು ನಾಶವಾದವು. ಸತ್ತವರ ಸಂಖ್ಯೆ 4000 ಅಂತ ಬಹುಕಾಲ ಹೇಳುತ್ತಿದ್ದರು; ಇತ್ತೀಚಿನ ಅಧ್ಯಯನಗಳು ಸುಮಾರು 300 ಅನ್ನುತ್ತವೆ. ಬೆಳಿಗ್ಗೆ 8.15ರ ಹೊತ್ತಿಗೆ ಮುಂಬೈಯಲ್ಲಿ ಸುಮಾರು ಎರಡು ಮೀಟರ್ ಅಲೆ. ಅಲ್ಲೂ ಜನ ಕೊಚ್ಚಿಹೋದರು. ನಮ್ಮ ಕಾರವಾರದವರೆಗೂ ಆ ಅಲೆ ತಲುಪಿದ ದಾಖಲೆ ಇದೆ. ಕಾರವಾರ ಅಂದರೆ ಕರ್ನಾಟಕ, ಸ್ವಾಮಿ. ನೂರಾರು ವರ್ಷದ ಹಿಂದಿನ ಮಾತಲ್ಲ, ನಮ್ಮ ಅಜ್ಜಂದಿರ ಕಾಲದ್ದು.

ಇನ್ನೂ ಹಿಂದೆ ಹೋಗಿ. 1524ರ ಸೆಪ್ಟೆಂಬರ್. ಅದೇ ವಾಸ್ಕೋ ಡ ಗಾಮಾ ಮೂರನೇ ಸಲ ಭಾರತಕ್ಕೆ ಬರುತ್ತಿದ್ದಾಗ ಪಶ್ಚಿಮ ಕರಾವಳಿಯ ಹತ್ತಿರ ಕಡಲು ಇದ್ದಕ್ಕಿದ್ದಂತೆ ಅಲ್ಲಾಡಿ ಹಡಗಿನವರು ಗಾಬರಿಯಾದ ವಿವರ ಪೋರ್ಚುಗೀಸ್ ಬರಹಗಳಲ್ಲಿದೆ. ಕಡಲೇ ನಮಗೆ ಹೆದರಿ ನಡುಗುತ್ತಿದೆ ಎಂಬರ್ಥದಲ್ಲಿ ಗಾಮಾ ಹೇಳಿದನಂತೆ. ಆ ವರ್ಷದ ಡಿಸೆಂಬರ್ ಮುಗಿಯುವುದರೊಳಗೆ ಅವನು ಕೊಚ್ಚಿಯಲ್ಲಿ ತೀರಿಕೊಂಡ.

1945ರ ಮಾತನ್ನು ನಾವು ಮರೆತೆವು. ಮರೆವಿಗೆ ಏನು ಬೆಲೆ ಅನ್ನೋದಕ್ಕೆ ಒಂದು ದ್ವೀಪದ ಕಥೆ ಕೇಳಿ. ಸುಮಾತ್ರಾದ ಪಕ್ಕದಲ್ಲಿ ಸಿಮೆಉಲುಎ ಅಂತ ಒಂದು ದ್ವೀಪ. 1907ರಲ್ಲಿ ಅಲ್ಲಿ ಸುನಾಮಿ ಬಂದು ಬಹಳ ಜನ ಸತ್ತರು. ಉಳಿದವರು ಅದನ್ನು ಸ್ಮೋಂಗ್ ಅಂತ ಕರೆದು, ಹಾಡು ಕಟ್ಟಿ, ಲಾಲಿಯ ಹಾಗೆ ಮಕ್ಕಳಿಗೆ ಹೇಳಿಕೊಟ್ಟರು. ನೆಲ ಜೋರಾಗಿ ನಡುಗಿದರೆ, ಕಡಲು ಹಿಂದೆ ಸರಿದರೆ, ಗುಡ್ಡಕ್ಕೆ ಓಡಿ. ಅಷ್ಟೇ ಪಾಠ. 2004ರಲ್ಲಿ ಭೂಕಂಪದ ಕೇಂದ್ರಕ್ಕೆ ಅತಿ ಹತ್ತಿರ ಇದ್ದದ್ದು ಈ ದ್ವೀಪ. ಅಲೆ ಬರುವುದಕ್ಕೆ ಹತ್ತು ನಿಮಿಷವೂ ಇರಲಿಲ್ಲ. ಸುಮಾರು 78 ಸಾವಿರ ಜನರಲ್ಲಿ ಸತ್ತವರು ಏಳು ಮಂದಿ. ಯಂತ್ರ ಇರಲಿಲ್ಲ, ಸೈರನ್ ಇರಲಿಲ್ಲ. ಅಜ್ಜಿ ಹೇಳಿದ ಚರಿತ್ರೆ ಇತ್ತು.

ನಮಗೆ ಈಗ ಯಂತ್ರ ಇದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯಲ್ಲಿ 2007ರ ಅಕ್ಟೋಬರ್ 15ರಿಂದ ಸುನಾಮಿ ಮುನ್ಸೂಚನಾ ಕೇಂದ್ರ ಕೆಲಸ ಮಾಡುತ್ತಿದೆ. ಮೀನು ಯಾವ ಕಡೆ ಸಿಗಬಹುದು ಅಂತ ನಮ್ಮ ಬೋಟಿನವರಿಗೆ ಮಾಹಿತಿ ಕೊಡುವುದೂ ಇದೇ ಸಂಸ್ಥೆ. ಅದು ಕಣ್ಣಿಟ್ಟಿರುವುದು ಇದೇ ಎರಡು ಬಾಗಿಲುಗಳ ಮೇಲೆ. ದೊಡ್ಡ ಭೂಕಂಪ ಆದರೆ ಹತ್ತು ನಿಮಿಷದ ಒಳಗೆ ಲೆಕ್ಕ ಹಾಕಿ ಎಚ್ಚರಿಕೆ ಕೊಡುವ ಸಾಮರ್ಥ್ಯ ಇದೆ. ಮಕ್ರಾನ್‌ನಿಂದ ಮಲ್ಪೆಗೆ ಸುಮಾರು 1800 ಕಿ.ಮೀ. ಅಲೆ ಬರಲು ಕೆಲವು ಗಂಟೆ ಬೇಕು. ಅಂದರೆ ನಮಗೆ ಸಿಮೆಉಲುಎ ಜನರಿಗೆ ಇಲ್ಲದ ಭಾಗ್ಯ ಇದೆ, ಸಮಯ. ಆದರೆ ಅವರಿಗಿದ್ದ ಒಂದು ಅನುಕೂಲ ನಮಗಿಲ್ಲ. ಅಷ್ಟು ದೂರದ ಭೂಕಂಪ ನಮ್ಮ ಕಾಲಿಗೆ ತಿಳಿಯುತ್ತದೆ ಅನ್ನುವಂತಿಲ್ಲ. ಸುದ್ದಿಯೇ ನಮ್ಮ ಎಚ್ಚರಿಕೆ.

ಹಾಗಾಗಿ ಪ್ರಶ್ನೆ ಇರುವುದು ಕೊನೆಯ ಒಂದು ಕಿಲೋಮೀಟರಿನಲ್ಲಿ. ಹೈದರಾಬಾದಿನ ಸಂದೇಶ ಕೋಡಿಬೇಂಗ್ರೆಯ ಮನೆಬಾಗಿಲಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ? ಆ ಊರನ್ನು ನೋಡಿದವರಿಗೆ ಗೊತ್ತು, ಒಂದು ಕಡೆ ಕಡಲು, ಇನ್ನೊಂದು ಕಡೆ ನದಿ, ನಡುವೆ ಒಂದು ಪಟ್ಟಿ ಮರಳು, ಒಂದು ರಸ್ತೆ. ಮಲ್ಪೆ ಪಡುಕರೆಯೂ ಹಾಗೆಯೇ, ಉದ್ಯಾವರ ಹೊಳೆ ಮತ್ತು ಕಡಲಿನ ನಡುವೆ. ಗುಳ್ಳ ಬದನೆಯ ಮಟ್ಟುವೂ ಹಾಗೆಯೇ. ಎತ್ತರದ ಜಾಗ ಯಾವುದು? ಮಣಿಪಾಲದ ಗುಡ್ಡ ಕಡಲಿನಿಂದ ಏಳೆಂಟು ಕಿ.ಮೀ. ಎಲ್ಲರೂ ಒಟ್ಟಿಗೆ ಸ್ಕೂಟರ್ ತೆಗೆದರೆ ಸೇತುವೆಯ ಮೇಲೆ ಏನಾಗುತ್ತದೆ? ವಯಸ್ಸಾದವರನ್ನು ಯಾರು ಕರೆದುಕೊಂಡು ಹೋಗುತ್ತಾರೆ? ಶಾಲೆಯ ಎರಡನೇ ಮಹಡಿಗೆ ಹತ್ತಿದರೆ ಸಾಕೇ? ಬಂದರಿಗೆ ಮರಳುತ್ತಿರುವ ಬೋಟಿನವರಿಗೆ, ಈಗ ಒಳಗೆ ಬರಬೇಡಿ ಅಂತ ಯಾರು ಹೇಳುತ್ತಾರೆ? ಮೊದಲ ಅಲೆ ಹೋದ ಮೇಲೆ ಮೀನು ಹೆಕ್ಕಲು ಮರಳಿ ಇಳಿಯಬಾರದು, ಎರಡನೆಯದೋ ಮೂರನೆಯದೋ ಇನ್ನೂ ದೊಡ್ಡದಿರಬಹುದು ಅಂತ ಎಷ್ಟು ಜನರಿಗೆ ಗೊತ್ತು? ಒಡಿಶಾದ ವೆಂಕಟರಾಯಪುರ, ನೋಲಿಯಾಸಾಹಿ ಎಂಬ ಎರಡು ಹಳ್ಳಿಗಳು ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಬರೆದುಕೊಂಡು, ಅಭ್ಯಾಸ ಮಾಡಿ, 2020ರಲ್ಲಿ ಯುನೆಸ್ಕೋದಿಂದ ಸುನಾಮಿಗೆ ಸಿದ್ಧ ಎಂಬ ಮಾನ್ಯತೆ ಪಡೆದವು. ಅಲ್ಲಿ ಬೋರ್ಡು, ನಕ್ಷೆ, ಅಣಕು ಕಾರ್ಯಾಚರಣೆ ಎಲ್ಲ ಇದೆ. ಕೋಟಿಗಟ್ಟಲೆ ದುಡ್ಡಿನ ಕೆಲಸ ಅಲ್ಲ ಅದು.

ನೆಲದ ವಿಷಯಕ್ಕೂ ಒಂದು ಮಾತು. ಫಲಕದ ನಡುವಿನವರು ಅಂದ ಮಾತ್ರಕ್ಕೆ ಪೂರ್ತಿ ಕ್ಷೇಮ ಅಂತ ಅಲ್ಲ. ಅಂಚಿನಲ್ಲಿ ಬಿದ್ದ ಒತ್ತಡ ಒಳಗಿನ ಹಳೆಯ ಬಿರುಕುಗಳನ್ನೂ ಅಪರೂಪಕ್ಕೆ ಮಿಸುಕಾಡಿಸುತ್ತದೆ. 1967ರ ಡಿಸೆಂಬರ್ 11ರಂದು ಕೊಯ್ನಾ, ಅಲ್ಲಿ ಅಣೆಕಟ್ಟಿನ ನೀರೂ ಸೇರಿ ಕೆಣಕಿತು. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆಯ ಕಿಲ್ಲಾರಿ. ತೀವ್ರತೆ 6.2, ಸತ್ತವರು ಹತ್ತಿರ ಹತ್ತಿರ 10 ಸಾವಿರ. ಆ ದಿನದವರೆಗೆ ಸರ್ಕಾರಿ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿ! 2002ರಲ್ಲಿ ನಕ್ಷೆ ತಿದ್ದಿದಾಗ ಒಂದನೇ ವಲಯವನ್ನೇ ತೆಗೆದುಹಾಕಿದರು. ಆ ನಕ್ಷೆಯಲ್ಲಿ ಉಡುಪಿ, ದಕ್ಷಿಣ ಕನ್ನಡ ಇರುವುದು ಮೂರನೇ ವಲಯದಲ್ಲಿ, ಅಂದರೆ ಮಧ್ಯಮ ಅಪಾಯ.

2022ರ ಜೂನ್ ಕೊನೆಯ ವಾರ ಸುಳ್ಯ, ಸಂಪಾಜೆ, ಚೆಂಬು ಕಡೆ ನೆಲ ಅಲುಗಿತು. ತೀವ್ರತೆ 3ರ ಆಸುಪಾಸು. ಪಾತ್ರೆ ಸದ್ದಾಯಿತು, ಜನ ಹೊರಗೆ ಓಡಿ ಬಂದರು. ಟಿವಿಯಲ್ಲಿ ಇಂಥದ್ದಕ್ಕೂ ಕೆಂಪು ಪಟ್ಟಿ, 2004ರಂಥದ್ದಕ್ಕೂ ಅದೇ ಕೆಂಪು ಪಟ್ಟಿ. ಆದರೆ ಅಳತೆಯಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 3ಕ್ಕೂ 9.1ಕ್ಕೂ ನಡುವೆ ನೂರು ಕೋಟಿ ಪಟ್ಟಿಗೂ ಹೆಚ್ಚು ವ್ಯತ್ಯಾಸ. ಮೂರರ ಕಂಪನಕ್ಕೆ ಮನೆ ಬಿಟ್ಟು ಓಡಬೇಕಾಗಿಲ್ಲ, ಆದರೆ ಮನೆ ಹೇಗೆ ಕಟ್ಟಿದ್ದೇವೆ ಅಂತ ಒಮ್ಮೆ ನೋಡಿಕೊಳ್ಳಬೇಕು.

ಎಂಜಿನಿಯರಿಂಗ್ ಓದಿದವನಾಗಿ ನನ್ನ ಕಣ್ಣು ಹೋಗೋದು ಅಲ್ಲಿಗೇ. ಮಣಿಪಾಲ, ಉಡುಪಿಯ ಅಪಾರ್ಟ್‌ಮೆಂಟ್‌ಗಳನ್ನು ನೋಡಿ. ಕೆಳಗೆ ಗೋಡೆಯಿಲ್ಲದ ಪಾರ್ಕಿಂಗ್, ಬರೀ ಕಂಬ. ಮೇಲೆ ಹತ್ತು ಮಹಡಿ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿ.ಮೀ.ಗೂ ಆಚೆ ಇದ್ದ ಅಹಮದಾಬಾದಿನಲ್ಲಿ ಕುಸಿದ ಕಟ್ಟಡಗಳಲ್ಲಿ ಬಹಳಷ್ಟು ಇದೇ ರೀತಿಯವು. ಪಾರ್ಕಿಂಗ್ ಬೇಡ ಅಂತ ಯಾರೂ ಹೇಳೋದಿಲ್ಲ. ಆ ಕೆಳಗಿನ ಕಂಬಗಳಿಗೆ ಹೆಚ್ಚು ಬಲ ಕೊಡಿ, ಕಬ್ಬಿಣದ ಉಂಗುರಗಳನ್ನು ಒತ್ತೊತ್ತಾಗಿ ಕಟ್ಟಿ ಅಂತ ನಿಯಮ ಹೇಳುತ್ತದೆ. ಫ್ಲ್ಯಾಟ್ ಕೊಳ್ಳುವಾಗ ನಾವು ಟೈಲ್ಸ್ ಯಾವುದು, ಲಿಫ್ಟ್ ಯಾವ ಕಂಪನಿಯದ್ದು ಅಂತ ಕೇಳುತ್ತೇವೆ. ಮೂರನೇ ವಲಯದ ಲೆಕ್ಕದಲ್ಲಿ ವಿನ್ಯಾಸ ಆಗಿದೆಯಾ, ಕಾಗದ ತೋರಿಸಿ ಅಂತ ಎಷ್ಟು ಜನ ಕೇಳುತ್ತೇವೆ? ಕೇಳೋದಕ್ಕೆ ದುಡ್ಡು ಖರ್ಚಿಲ್ಲ.

ಭೂಕಂಪ ಇಂಥ ದಿನ ಬರುತ್ತದೆ ಅಂತ ಹೇಳುವ ವಿದ್ಯೆ ಇವತ್ತು ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ಜ್ಯೋತಿಷಿ ಹೇಳಿದರೂ ನಂಬಬೇಡಿ, ಫಾರ್ವರ್ಡ್ ಮೆಸೇಜ್ ಹೇಳಿದರೂ ನಂಬಬೇಡಿ. ಆದರೆ ಎಲ್ಲಿ ಬರುತ್ತದೆ, ಬಂದರೆ ಏನಾಗುತ್ತದೆ ಅನ್ನೋದನ್ನು ಚರಿತ್ರೆ ಹೇಳಿಯಾಗಿದೆ. ಮಕ್ರಾನ್‌ನ ಪೂರ್ವ ಭಾಗ 1945ರಲ್ಲಿ ಸಡಿಲಿತು. ಪಶ್ಚಿಮ ಭಾಗದಲ್ಲಿ ಆಧುನಿಕ ಕಾಲದಲ್ಲಿ ಅಂಥ ದೊಡ್ಡ ಭೂಕಂಪ ಆದದ್ದಿಲ್ಲ. ಅಲ್ಲಿ ಹಿಡಿತ ಎಷ್ಟು ಬಿಗಿಯಾಗಿದೆ ಅಂತ ವಿಜ್ಞಾನಿಗಳು ಅಳೆಯುತ್ತಲೇ ಇದ್ದಾರೆ.

ಈ ನವೆಂಬರ್ 28 ಬಂದಾಗ ಮಲ್ಪೆಯ ಒಂದು ಶಾಲೆಯಲ್ಲಿ, ಕಾಪುವಿನ ಒಂದು ಭಜನಾ ಮಂದಿರದಲ್ಲಿ, ಯಾರಾದರೂ ಮಕ್ಕಳನ್ನು ಕೂರಿಸಿಕೊಂಡು 1945ರ ಆ ಬೆಳಗಿನ ಕಥೆ ಹೇಳಲಿ. ಹೇಳಿದ ಮೇಲೆ, ಇಲ್ಲಿಂದ ಎತ್ತರದ ಜಾಗಕ್ಕೆ ಯಾವ ದಾರಿ ಅಂತ ಮಕ್ಕಳನ್ನೇ ಕೇಳಲಿ. ಅವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅವತ್ತೇ ನಡೆದು ತೋರಿಸಲಿ.